ಮಲಗೆದ್ದವಳ ದಣಿವು

ನಮ್ಮ ಮನೆಯ ಗೇಟಿನ ಒಳಗೆ, ದಾಸವಾಳದ ಕುಂಡದ ಪಕ್ಕದಲ್ಲಿ, ದಿನಾ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ಬಿದ್ದಿರುತ್ತದೆ. ಎತ್ತಿಕೊಳ್ಳಬೇಕಾದರೆ ಬಗ್ಗಬೇಕು. ನೀವಾದರೆ ಬಗ್ಗುತ್ತೀರಿ, ಎತ್ತಿಕೊಳ್ಳುತ್ತೀರಿ, ಒಳಗೆ ಹೋಗಿ ಒಲೆ ಹಚ್ಚುತ್ತೀರಿ. ಬಗ್ಗಿದ್ದು ನಿಮ್ಮ ನೆನಪಿನಲ್ಲೂ ಉಳಿಯುವುದಿಲ್ಲ. ನಾನು ಮಾತ್ರ ಕೆಲವು ವರ್ಷಗಳ ಕಾಲ ಆ ಪ್ಯಾಕೆಟ್ಟಿನ ಮುಂದೆ ನಿಂತು, ಅದನ್ನೇ ನೋಡುತ್ತಾ, ಈಗಲೇ ಬಗ್ಗುವುದೋ ಇನ್ನೊಂದು ಗಳಿಗೆ ಬಿಟ್ಟು ಬಗ್ಗುವುದೋ ಎಂದು ಆಲೋಚಿಸಿದ್ದೇನೆ. ಆಗತಾನೆ ಹಾಸಿಗೆಯಿಂದ ಎದ್ದು ಬಂದವಳು ನಾನು. ರಾತ್ರಿ ಊಟ ಮುಗಿದ ಮೇಲೆ ಟೀವಿಯ ಮುಂದೆಯೂ ಕೂರದೆ ಮಲಗಿ, ಯಾವ ಚಿಂತೆಯೂ ಅಡ್ಡ ಬರದೆ ನಿದ್ದೆ ಹೋಗಿ, ಅಲಾರಮ್ಮಿನ ಸದ್ದಿಗೇ ಕಣ್ಣು ಬಿಟ್ಟವಳು. ಆದರೂ ರಾತ್ರಿಯೆಲ್ಲ ಕಲ್ಲು ಹೊತ್ತವಳ ಹಾಗೆ ಮೈ ಭಾರ, ತಲೆ ಭಾರ, ರೆಪ್ಪೆ ಭಾರ.

ನಾನು ಗುಬ್ಬಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವಳು, ಹೆಸರು ಸುಮಿತ್ರಾ. ಮನೆ ಕ್ಯಾತ್ಸಂದ್ರದಲ್ಲಿ. ಗಂಡ ರುದ್ರೇಶ, ತುಮಕೂರು ಪೇಟೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿದ್ದಾರೆ. ಕ್ಯಾತ್ಸಂದ್ರದಲ್ಲಿ ರೈಲು ಹತ್ತಿ ಕಿಟಕಿಯ ಪಕ್ಕ ಕೂತರೆ ತುಮಕೂರು ಬರುವಷ್ಟರಲ್ಲೇ ನನ್ನ ಕಣ್ಣು ಮುಚ್ಚಿರುತ್ತಿತ್ತು. ತುಮಕೂರಿನಲ್ಲಿ ಹತ್ತುವ ನನ್ನ ಸಹೋದ್ಯೋಗಿ ನಸೀಮಾ, ಅರ್ಥಶಾಸ್ತ್ರದವಳು, ಎದುರು ಕೂತು ನನ್ನ ಬ್ಯಾಗು ಕಾಯುತ್ತಿದ್ದಳು. ಗುಬ್ಬಿ ಬಂದಾಗ ಮೊಣಕಾಲು ತಟ್ಟಿ ಎಬ್ಬಿಸುತ್ತಿದ್ದಳು. ಒಂದು ದಿನ ಅವಳು ರಜೆ ಹಾಕಿದಾಗ ನಾನು ಎದ್ದದ್ದು ನಿಟ್ಟೂರಿನಲ್ಲಿ. ಹಿಂದಕ್ಕೆ ಬರಲು ಬಸ್ಸಿಗೆ ಕಾಯುತ್ತಾ ನಿಂತಾಗ, ಅಷ್ಟು ದೂರ ಮಲಗಿ ಬಂದರೂ ಮೈಯಲ್ಲಿ ಒಂದು ಹಿಡಿ ಹುರುಪೂ ಹೆಚ್ಚಾಗಿಲ್ಲವಲ್ಲ ಎಂಬ ವಿಷಯವೇ ತಡವಾದದ್ದಕ್ಕಿಂತ ಹೆಚ್ಚು ಕಾಡಿತು.

ದಣಿವಿಗೆ ನಮ್ಮ ಭಾಷೆಯಲ್ಲಿ ಹೆಸರುಗಳೇನು ಕಡಿಮೆಯೇ? ದಣಿವು, ಬಳಲಿಕೆ, ಆಯಾಸ, ಶ್ರಮ. ಇವೆಲ್ಲ ಮರ್ಯಾದಸ್ಥ ಶಬ್ದಗಳು. ಒಂದೊಂದರ ಬೆನ್ನಿಗೂ ಒಂದು ಕೆಲಸವಿದೆ. ಗದ್ದೆಯಿಂದ ಬಂದವನಿಗೆ ದಣಿವು, ಬಾಣಂತಿಗೆ ಬಳಲಿಕೆ, ಬೆಟ್ಟ ಹತ್ತಿದವನಿಗೆ ಆಯಾಸ. ಏನೂ ಮಾಡದೆ ಬರುವ ದಣಿವಿಗೆ ಮಾತ್ರ ನಾವು ಸುಸ್ತು ಎನ್ನುತ್ತೇವೆ. ಈ ಮಾತನ್ನು ರೈಲಿನಲ್ಲಿ ನಸೀಮಾಳಿಗೆ ಹೇಳಿದಾಗ ಅವಳು ನಕ್ಕು, ತಮ್ಮ ಮನೆಮಾತಿನಲ್ಲಿ ಸುಸ್ತ್ ಎಂದರೆ ಸೋಮಾರಿ ಎಂದೇ ಅರ್ಥ ಎಂದಳು. ನಾನು ನಗಲಿಲ್ಲ. ಉರ್ದುವಿನಿಂದ ನಮ್ಮ ಮನೆಗೆ ಬಂದ ಆ ಶಬ್ದ ಹೊಸಿಲಲ್ಲಿ ಅರ್ಥ ಬದಲಿಸಿಕೊಂಡರೂ ಜನರ ಕಣ್ಣಿನಲ್ಲಿ ಹಳೆಯ ಅರ್ಥವನ್ನೇ ಉಳಿಸಿಕೊಂಡಿದೆ ಎಂಬುದು ಅಷ್ಟರಲ್ಲಾಗಲೇ ನನಗೆ ಚೆನ್ನಾಗಿ ಗೊತ್ತಾಗಿತ್ತು. ಮಗುವಿಗೆ ಜ್ವರ ಬಂದು ನಿದ್ದೆಗೆಟ್ಟವಳನ್ನು ಲೋಕ ಮಹಾತಾಯಿ ಎನ್ನುತ್ತದೆ. ಚೆನ್ನಾಗಿ ಮಲಗಿ ಎದ್ದೂ ದಣಿದವಳನ್ನು ಏನೆನ್ನಬೇಕೆಂದು ಅದಕ್ಕೆ ತಿಳಿಯದು. ತಿಳಿಯದಿದ್ದಾಗ ಅದು ಸಲಹೆ ಕೊಡಲು ಶುರುಮಾಡುತ್ತದೆ.

ಎಂಥೆಂಥ ಸಲಹೆಗಳು! ಬೆಳಿಗ್ಗೆ ಎದ್ದು ರಾಗಿ ಅಂಬಲಿ ಕುಡಿ ಎಂದವರು, ಖರ್ಜೂರ ನೆನೆಹಾಕು ಎಂದವರು, ಸೂರ್ಯನಮಸ್ಕಾರ ಮಾಡು ಎಂದವರು, ಮಠದ ಬೆಟ್ಟ ಹತ್ತಿಳಿ ಎಂದವರು. ನಾನು ಅಂಬಲಿ ಕುಡಿದೆ, ಖರ್ಜೂರ ತಿಂದೆ, ಬೆಟ್ಟವನ್ನೂ ಹತ್ತಿದೆ. ಮೇಲಿನ ಬಂಡೆಗೆ ಒರಗಿ ಅಲ್ಲಿಯೇ ತೂಕಡಿಸಿದೆ. ನನ್ನ ವಯಸ್ಸನ್ನು ಕೇಳಿ, ಮುಟ್ಟು ನಿಲ್ಲುವ ಕಾಲವಲ್ಲವೇ ಎಂದು ದನಿ ತಗ್ಗಿಸಿದವರೂ ಉಂಟು. ಜಾಸ್ತಿ ಮಲಗುವುದರಿಂದಲೇ ಹೀಗಾಗುತ್ತಿದೆ, ಕಡಿಮೆ ಮಲಗು ಎಂದವರೂ ಉಂಟು. ಕೊನೆಗೆ ರಕ್ತ ಕೊಟ್ಟೆ. ರಕ್ತ ಚೆನ್ನಾಗಿತ್ತು, ಥೈರಾಯ್ಡ್ ಚೆನ್ನಾಗಿತ್ತು, ಸಕ್ಕರೆ ಚೆನ್ನಾಗಿತ್ತು. ಎಲ್ಲಾ ನಾರ್ಮಲ್, ಆರಾಮಾಗಿರಿ ಎಂದು ಡಾಕ್ಟರು ವರದಿಗಳನ್ನು ಮಡಿಚಿ ಕೊಟ್ಟಾಗ ಪಕ್ಕದಲ್ಲಿದ್ದ ರುದ್ರೇಶರ ಮುಖ ಅರಳಿತು. ನನ್ನ ಮುಖ ಬಾಡಿತು. ಗೆಳೆಯರೇ, ಕಾಯಿಲೆ ಇಲ್ಲವೆಂದು ಕೇಳಿ ಕುಗ್ಗುವ ಮನಸ್ಸನ್ನು ನೀವು ವಿಕಾರವೆನ್ನಬಹುದು. ಆದರೆ ಕಾಯಿಲೆ ಇದ್ದವಳಿಗೆ ಔಷಧಿಯಾದರೂ ಉಂಟು. ನಾರ್ಮಲ್ ಆದವಳಿಗೆ ಉಳಿಯುವುದು ಬರೀ ಅಪವಾದ.

ಆ ಅಪವಾದ ಬಂದದ್ದು ಪರೀಕ್ಷೆಯ ಕೊಠಡಿಯಲ್ಲಿ. ಮೇಲ್ವಿಚಾರಣೆಗೆ ಕೂತಿದ್ದವಳು ಕುರ್ಚಿಯಲ್ಲೇ ನಿದ್ದೆ ಹೋದೆ. ಎಚ್ಚರವಾದಾಗ ಮಕ್ಕಳು ಬರೆಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು, ಬಾಗಿಲಲ್ಲಿ ಪ್ರಿನ್ಸಿಪಾಲರು ನಿಂತಿದ್ದರು. ಅವರು ಬೈಯುವ ಮನುಷ್ಯರಲ್ಲ. ಮರುದಿನ ನನ್ನನ್ನು ಕರೆಸಿ, ಬಹಳ ಮೃದುವಾಗಿ, ದ್ವಿತೀಯ ಪಿಯುಸಿಯ ಎರಡೂ ಸೆಕ್ಷನ್ನುಗಳನ್ನು ಹೊಸದಾಗಿ ಬಂದಿದ್ದ ಉಪನ್ಯಾಸಕರಿಗೆ ಕೊಟ್ಟಿರುವುದಾಗಿಯೂ, ಇದರಿಂದ ನನಗೂ ವಿಶ್ರಾಂತಿ ಸಿಗುವುದಾಗಿಯೂ ಹೇಳಿದರು. ನಾನು ತಲೆಯಾಡಿಸಿ ಬಂದೆ. ಹೊರಗೆ ಬಂದ ಮೇಲೆ ಗೊತ್ತಾಯಿತು, ತಲೆಯಾಡಿಸಿದ್ದು ಒಪ್ಪಿಗೆಯಿಂದಲ್ಲ. ವಾದ ಮಾಡಲು ಬೇಕಾದ ತ್ರಾಣವಿರಲಿಲ್ಲ. ದಣಿವಿನ ನಿಜವಾದ ಕ್ರೌರ್ಯ ಇದೇ. ಅದು ಮೊದಲು ನಮ್ಮ ಕಾಲಿನ ಶಕ್ತಿಯನ್ನು ಕಿತ್ತುಕೊಳ್ಳುತ್ತದೆ, ಆಮೇಲೆ ಬೇಡವೆನ್ನುವ ಶಕ್ತಿಯನ್ನು.

ಹೀಗಿರುವಾಗ ಕುಣಿಗಲ್ಲಿನಿಂದ ನನ್ನ ತಂಗಿ ಮಂಜುಳ, ಮಗಳ ಮದುವೆಗೆ ಜವಳಿ ತೆಗೆಯಲೆಂದು ತುಮಕೂರಿಗೆ ಬಂದವಳು, ನಮ್ಮ ಮನೆಯಲ್ಲಿ ಉಳಿದುಕೊಂಡಳು. ಮದುವೆಯಾಗಿ ಹೋದ ಮೇಲೆ ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗಿದ್ದು ಅದೇ ಮೊದಲು. ಬೆಳಿಗ್ಗೆ ನಾನು ಎದ್ದು ಅಡಿಗೆಮನೆಗೆ ಬಂದಾಗ ಅವಳು ಆಗಲೇ ಅಲ್ಲಿ ಕೂತಿದ್ದಳು. ಕಣ್ಣು ಕೆಂಪಾಗಿತ್ತು, ಮುಂದಿದ್ದ ಕಾಫಿ ಆರಿಹೋಗಿತ್ತು. ಹೊಸ ಜಾಗ, ನಿದ್ದೆ ಬರಲಿಲ್ಲವೇನೇ ಎಂದು ಕೇಳಿದೆ.

"ನೀನು ಮಲಗಲ್ಲ ಕಣಕ್ಕಾ," ಎಂದಳು ಮಂಜುಳ. "ಕುಸ್ತಿ ಆಡ್ತೀಯ. ಜೋರಾಗಿ ಗೊರಕೆ ಹೊಡೀತಿರ್ತೀಯ, ಇದ್ದಕ್ಕಿದ್ದಂಗೆ ಉಸ್ರೇ ನಿಂತೋಗುತ್ತೆ. ಆಮೇಲೆ ನೀರಿಂದ ಎದ್ದೋಳ್ ತರ ಎಳ್ಕೊಂತೀಯ. ನಾನು ನಿನ್ ಮೂಗಿನ್ ಹತ್ರ ಕೈ ಇಟ್ಕೊಂಡೇ ಕೂತಿದ್ದೆ."

ನನಗೆ ಮೊದಲು ಬಂದದ್ದು ಭಯವಲ್ಲ, ನಾಚಿಕೆ. ಗೊರಕೆ ಎಂಬ ಆ ಒಂದು ಶಬ್ದ ಉಳಿದೆಲ್ಲವನ್ನೂ ಮುಚ್ಚಿಬಿಟ್ಟಿತು. ನೀವು ಗಮನಿಸಿದ್ದೀರಾ, ಗಂಡಸಿನ ಗೊರಕೆ ನಮ್ಮಲ್ಲಿ ತಮಾಷೆಯ ವಸ್ತು. ಮಾವನ ಗೊರಕೆಗೆ ಹೆಂಚು ಹಾರಿತು ಎಂದು ಮಕ್ಕಳ ಮುಂದೆಯೇ ಹೇಳಿ ನಗುತ್ತೇವೆ, ಮಾವನೂ ನಗುತ್ತಾನೆ. ಹೆಂಗಸಿನ ಗೊರಕೆ ಮಾತ್ರ ಮನೆಯ ಗುಟ್ಟು. ನಮ್ಮ ಕಲ್ಪನೆಯಲ್ಲಿ ಮಲಗಿದ ಹೆಣ್ಣು ಉಸಿರಾಡುವುದೂ ಕೇಳಿಸಬಾರದು. ನನ್ನ ಗಂಡ ಒಂದು ದಿನವೂ ಹೇಳಿಲ್ಲವಲ್ಲೇ ಎಂದು ನಾನು ಅಂದೆ. ಮಂಜುಳ ನನ್ನ ಮುಖ ನೋಡಿ, ಭಾವ ನಡುಮನೆಯಲ್ಲಿ ದಿವಾನದ ಮೇಲೆ ಮಲಗುವುದು ಯಾತಕ್ಕೆ ಎಂದುಕೊಂಡಿದ್ದೀ ಎಂದು ಕೇಳಿದಳು.

ಅಂಗಡಿಗೆ ಬೇಗ ಹೋಗಬೇಕು, ನಿನ್ನ ನಿದ್ದೆ ಕೆಡುವುದು ಬೇಡ ಎಂದು ಹೇಳಿ ಅವರು ದಿವಾನಕ್ಕೆ ಹೋಗಿದ್ದರು, ನಾನು ನಂಬಿದ್ದೆ. ಆ ಸಂಜೆ ಕೇಳಿದಾಗ ರುದ್ರೇಶ ಬಹಳ ಹೊತ್ತು ಚಪ್ಪಲಿ ಬಿಚ್ಚುತ್ತಲೇ ಇದ್ದರು. ಆಮೇಲೆ, "ಹೆಂಗ್ಸಿಗೆ ಅದ್ನ ಹೆಂಗೇಳೋದು ಸುಮಿ," ಎಂದರು. "ನೀನು ನೊಂದ್ಕೋತೀಯ ಅಂತ ಸುಮ್ನಾದೆ."

ಅದು ಸುಳ್ಳಲ್ಲ. ಅಂಥ ಗಂಡ ಸಿಗುವುದು ಪುಣ್ಯವೆಂದು ನೀವೂ ಹೇಳುವಿರಿ, ನನ್ನ ಒಂದು ಮನಸ್ಸೂ ಹಾಗೆಯೇ ಹೇಳಿತು. ಆದರೆ ಇನ್ನೊಂದು ಮನಸ್ಸು ಕೊತಕೊತ ಕುದಿಯುತ್ತಿತ್ತು. ನನ್ನ ಮರ್ಯಾದೆಯನ್ನು ಕಾಪಾಡಲು ನನ್ನ ಉಸಿರು ನಿಲ್ಲುವುದನ್ನು ನನ್ನಿಂದ ಬಚ್ಚಿಡಲಾಗಿತ್ತು. ಡಾಕ್ಟರ ಮುಂದೆ ಅವರು ನನ್ನ ಪಕ್ಕದಲ್ಲೇ ಕೂತಿದ್ದರು, ನಾರ್ಮಲ್ ಎಂದಾಗ ಮುಖ ಅರಳಿಸಿದ್ದರು. ಗೊರಕೆ ಎಂಬ ಮೂರಕ್ಷರವನ್ನು ಆಗ ಆಡಿದ್ದರೆ ನನ್ನ ತರಗತಿಗಳು ನನ್ನ ಕೈಯಲ್ಲೇ ಇರುತ್ತಿದ್ದವು. ನಾನು ಹಾಗೆಯೇ ಹೇಳಿದೆ. ಇನ್ನು ಮೇಲೆ ನನ್ನನ್ನು ನೋಯಿಸಬಾರದೆಂದು ಯಾವುದನ್ನೂ ಮುಚ್ಚಿಡಬೇಡಿ, ನೋವು ನನ್ನದು, ಅದನ್ನು ಪಡುವುದೋ ಬಿಡುವುದೋ ನಾನು ನೋಡಿಕೊಳ್ಳುತ್ತೇನೆ ಎಂದೆ. ಅವರು ತಪ್ಪಾಯಿತು ಎನ್ನಲಿಲ್ಲ. ಮರುದಿನ ಅಂಗಡಿಯ ಬಾಗಿಲು ತೆರೆಯದೆ ನನ್ನನ್ನು ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ಮತ್ತು ಡಾಕ್ಟರು ಏನೂ ಕೇಳುವ ಮೊದಲೇ, ಒಂದೇ ಉಸಿರಿನಲ್ಲಿ, ತಾವು ವರ್ಷಗಳಿಂದ ಕೇಳಿಸಿಕೊಂಡದ್ದನ್ನೆಲ್ಲ ಹೇಳಿಬಿಟ್ಟರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮನೆಗೆ ಒಂದು ಪುಟ್ಟ ಉಪಕರಣ ಕೊಟ್ಟು ಕಳಿಸಿದರು, ಅದನ್ನು ಬೆರಳಿಗೂ ಮೂಗಿಗೂ ಸಿಕ್ಕಿಸಿಕೊಂಡು ಮಲಗಿದೆ. ಮುಂದಿನ ಭೇಟಿಯಲ್ಲಿ ಅವರು ವಿವರಿಸಿದ್ದು ಇಷ್ಟು: ನಿದ್ದೆಯಲ್ಲಿ ನನ್ನ ಗಂಟಲಿನ ದಾರಿ ಸಡಿಲವಾಗಿ ಮುಚ್ಚಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ, ಮೆದುಳು ಗಾಬರಿಯಾಗಿ ನನ್ನನ್ನು ಎಚ್ಚರಿಸುತ್ತದೆ, ಉಸಿರು ಬಂದ ಕೂಡಲೇ ಮತ್ತೆ ಮಲಗಿಸುತ್ತದೆ, ಬೆಳಗಾದರೆ ನನಗೆ ಯಾವುದೂ ನೆನಪಿರುವುದಿಲ್ಲ. ರಾತ್ರಿಯಿಡೀ ಯಾರೋ ಭುಜ ಹಿಡಿದು ಅಲುಗಾಡಿಸುತ್ತಲೇ ಇದ್ದ ಹಾಗೆ ಎಂದರು. ನಾವು ಕನ್ನಡಿಗರು ನಿದ್ದೆ ಮಾಡಿದೆ ಎನ್ನುತ್ತೇವೆ, ಅಡಿಗೆ ಮಾಡಿದೆ, ಕೆಲಸ ಮಾಡಿದೆ ಎಂದಂತೆ. ನನ್ನ ಮಟ್ಟಿಗೆ ಅದು ಅಕ್ಷರಶಃ ನಿಜವಾಗಿತ್ತು. ನಾನು ರಾತ್ರಿ ಪಾಳಿಯ ದುಡಿಮೆ ಮುಗಿಸಿ ಬೆಳಗಿನ ಪಾಳಿಗೆ ಹೋಗುತ್ತಿದ್ದೆ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ನನಗಾದದ್ದು ಸಂತೋಷವೆಂದರೆ ನಂಬುತ್ತೀರಾ? ನಾನು ಸೋಮಾರಿಯಲ್ಲ. ನನ್ನ ದಣಿವಿನ ಬೆನ್ನಿಗೂ ಒಂದು ಕೆಲಸವಿತ್ತು.

ಪರಿಹಾರವಾಗಿ ಮನೆಗೆ ಒಂದು ಯಂತ್ರ ಬಂತು. ಟಿಫಿನ್ ಡಬ್ಬಿಯಷ್ಟು ದೊಡ್ಡದು, ಅದಕ್ಕೊಂದು ಉದ್ದನೆಯ ಕೊಳವೆ, ಕೊಳವೆಯ ತುದಿಗೆ ಮೂಗು ಮುಚ್ಚುವ ಮುಸುಕು. ಮಲಗಿದಾಗ ಅದು ಗಾಳಿಯನ್ನು ಒತ್ತಿ ಒಳಗೆ ಕಳಿಸಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಮೊದಲ ವಾರಗಳು ಸುಖವಾಗಿರಲಿಲ್ಲ. ಮೂಗಿನ ಮೇಲೆ ಗಾಯವಾಯಿತು, ಬಾಯಿ ಒಣಗಿತು, ಕನ್ನಡಿಯಲ್ಲಿ ನೋಡಿಕೊಂಡರೆ ಆನೆಮರಿಯ ಹಾಗೆ ಕಾಣುತ್ತಿದ್ದೆ. ಒಂದೆರಡು ಸಲ ಕಿತ್ತು ಬಿಸಾಡಿದೆ. ಬೆಳಿಗ್ಗೆ ಅದೇ ಹಳೆಯ ಭಾರ ಮೈಮೇಲೆ ಕೂತಿರುವುದನ್ನು ಕಂಡು ಮತ್ತೆ ಕಟ್ಟಿಕೊಂಡೆ. ರುದ್ರೇಶ ದಿವಾನವನ್ನು ಬಿಟ್ಟು ಕೋಣೆಗೆ ಮರಳಿದರು. ಈಗ ನಿನ್ನ ಮಿಷಿನ್ನಿನ ಸದ್ದಿಗೇ ನನಗೆ ನಿದ್ದೆ ಬರುತ್ತದೆ ಎಂದು ಹೇಳುತ್ತಾರೆ. ಇದು ಕೂಡ ನನ್ನನ್ನು ನೋಯಿಸದಿರಲು ಹೇಳಿದ್ದೇ ಎಂದು ಕೇಳಿದೆ. ಅಲ್ಲ ಎಂದರು.

ಎಂದು ಸರಿಹೋಯಿತು ಎಂದು ಬೆರಳಿಟ್ಟು ತೋರಿಸಲಾರೆ. ಒಂದು ಬೆಳಿಗ್ಗೆ ರೈಲಿನಲ್ಲಿ, ತುಮಕೂರು ದಾಟಿದ ಮೇಲೆ, ಹಳಿಯ ಪಕ್ಕದ ಹೊಲದಲ್ಲಿ ಅವರೆ ಹೂಬಿಟ್ಟಿರುವುದು ಕಾಣಿಸಿತು. ಅದೆಷ್ಟು ವರ್ಷ ಇದೇ ದಾರಿಯಲ್ಲಿ ಓಡಾಡಿದ್ದೇನೆ, ಈ ಹೊಲವನ್ನು ನೋಡಿಯೇ ಇರಲಿಲ್ಲ. ಎದುರಿಗೆ ನಸೀಮಾ ನನ್ನ ಬ್ಯಾಗನ್ನು ಕಾಯುತ್ತಾ ಕೂತಿದ್ದವಳು, ನಾನು ಎಚ್ಚರವಾಗಿರುವುದನ್ನು ಕಂಡು ಅದನ್ನು ನನ್ನ ತೊಡೆಯ ಮೇಲಿಟ್ಟು, ತಾನು ಕಣ್ಣು ಮುಚ್ಚಿದಳು.

ಆ ವಾರವೇ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಕೋಣೆಯಲ್ಲಿ ಇನ್ನೂ ಇಬ್ಬರು ಉಪನ್ಯಾಸಕರು ಕೂತಿದ್ದರು. ಅವರು ಎದ್ದು ಹೋಗಲಿ ಎಂದು ನಾನು ಕಾಯಲಿಲ್ಲ. ನನಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇತ್ತು, ನಾನು ಗೊರಕೆ ಹೊಡೆಯುತ್ತಿದ್ದೆ, ಈಗ ಮುಸುಕು ಹಾಕಿಕೊಂಡು ಮಲಗುತ್ತೇನೆ, ನನ್ನ ತರಗತಿಗಳು ನನಗೆ ವಾಪಸ್ಸು ಬೇಕು ಎಂದೆ. ಗೊರಕೆ ಎಂದ ಕೂಡಲೇ ಪ್ರಿನ್ಸಿಪಾಲರು ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಗಾಜಿನ ಗುಂಡನ್ನು ನೋಡತೊಡಗಿದರು. ನಾಚಿಕೊಳ್ಳಬೇಕಾದವಳು ನಾನು ನಾಚಿಕೊಳ್ಳದೆ ಹೋದದ್ದರಿಂದ ಆ ಕೆಲಸ ಅವರ ಪಾಲಿಗೆ ಬಂದಿತ್ತು. ಮುಂದಿನ ವರ್ಷ ನೋಡೋಣ ಮೇಡಂ ಎಂದರು.

"ಮುಂದಿನ ವರ್ಷ ಅಲ್ಲ ಸರ್," ಎಂದೆ. "ಮುಂದಿನ ಸೋಮವಾರ."

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಎಲ್ಲವೂ ಸಿಕ್ಕಿತು ಎಂದು ಹೇಳಿ ನಿಮ್ಮನ್ನು ಮೆಚ್ಚಿಸುವುದಿಲ್ಲ. ಒಂದು ಸೆಕ್ಷನ್ನು ಸಿಕ್ಕಿತು, ಇನ್ನೊಂದು ಆ ಹೊಸ ಉಪನ್ಯಾಸಕರ ಬಳಿಯೇ ಉಳಿಯಿತು. ಆದರೆ ಅಂದು ನಾನು ತಲೆಯಾಡಿಸದೆ ಆ ಕೋಣೆಯಿಂದ ಹೊರಗೆ ಬಂದೆ.

ಮಂಜುಳಳ ಮಗಳು ಚೈತ್ರಳ ಮದುವೆ ಹತ್ತಿರ ಬಂದಾಗ ತಂಗಿಯ ಫೋನು ಬಂತು. ಆ ಮಾತು ಈ ಮಾತು ಆಡಿ, ಕೊನೆಗೆ, ಮಿಷಿನ್ನನ್ನು ಛತ್ರಕ್ಕೆ ತರಬೇಡ ಎಂದಳು. ರಾತ್ರಿ ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಎಷ್ಟು ಬೇಕಾದರೂ ಹಾಕಿಕೋ. ಛತ್ರದಲ್ಲಿ ಗಂಡಿನ ಕಡೆಯವರಿರುತ್ತಾರೆ, ಹುಡುಗಿಯ ದೊಡ್ಡಮ್ಮನಿಗೆ ಏನೋ ಕಾಯಿಲೆಯಂತೆ ಎಂದು ಮಾತಾಗುತ್ತದೆ ಎಂದಳು. ನನ್ನ ಮೂಗಿನ ಬಳಿ ಕೈಯಿಟ್ಟು ಕೂತಿದ್ದವಳೇ ಹೀಗೆ ಹೇಳುತ್ತಿದ್ದಾಳಲ್ಲ ಎಂದುಕೊಂಡೆ. ಮದುವೆಮನೆಯಲ್ಲಿ ನಸುಕಿನಲ್ಲಿ ಎದ್ದವರು ಊಟದ ಮೇಲೆ ಒಂದು ಗಳಿಗೆ ಅಡ್ಡಾಗಲೇಬೇಕು, ಮಲಗಿದಾಗಲೆಲ್ಲ ಮುಸುಕು ಹಾಕಬೇಕೆಂದು ಡಾಕ್ಟರು ಹೇಳಿದ್ದಾರೆ, ಹಾಕದೆ ಮಲಗಿದರೆ ಇಡೀ ಛತ್ರಕ್ಕೆ ನನ್ನ ಗೊರಕೆ ಕೇಳುತ್ತದೆ, ಎರಡರಲ್ಲಿ ಯಾವುದು ಬೇಕೋ ನೀನೇ ಆರಿಸು ಎಂದೆ. ಅವಳು ಫೋನಿಟ್ಟಳು.

ನಾನು ತೆಗೆದುಕೊಂಡೇ ಹೋದೆ. ತುಮಕೂರಿನಿಂದ ಹೆಬ್ಬೂರು ದಾಟಿ ಕುಣಿಗಲ್ಲಿಗೆ ಹೋಗುವ ಬಸ್ಸಿನಲ್ಲಿ ಆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಪಕ್ಕದಲ್ಲಿ ರುದ್ರೇಶ ತಮಗೆ ಕೊಡು ಎಂದರೂ ಕೊಡದೆ ಕೂತಿದ್ದೆ. ಧಾರೆ ಚೆನ್ನಾಗಿ ನಡೆಯಿತು. ಬೆಳಿಗ್ಗೆಯಿಂದ ಮಂಜುಳ ನನ್ನ ಮುಂದೆ ಹತ್ತಾರು ಸಲ ಓಡಾಡಿದಳು, ಒಮ್ಮೆಯೂ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ಊಟವಾದ ಮೇಲೆ ಹೆಂಗಸರಿಗೆಂದು ಜಮಖಾನ ಹಾಸಿದ್ದ ಕೋಣೆಗೆ ಹೋದೆ. ಗೋಡೆಯಲ್ಲಿ ಒಂದೇ ಒಂದು ಪ್ಲಗ್ಗಿತ್ತು, ಅದರಲ್ಲಿ ಯಾರದೋ ಮೊಬೈಲು ಚಾರ್ಜಿಗೆ ನೇತಾಡುತ್ತಿತ್ತು. ನಾನು ಚೀಲ ಬಿಚ್ಚಿ, ಯಂತ್ರವನ್ನು ಹೊರಗಿಟ್ಟು, ಈ ಮೊಬೈಲು ಯಾರದು ಎಂದು ಕೇಳಿದೆ. ಗೋಡೆಗೊರಗಿ ಕೂತಿದ್ದ ಒಬ್ಬರು, ಮದುವೆಯ ಹುಡುಗನ ಸೋದರತ್ತೆ, ತಮ್ಮದೆಂದರು. ನನ್ನ ಕೈಯಲ್ಲಿದ್ದ ಕೊಳವೆಯನ್ನು, ಮುಸುಕನ್ನು, ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಕ್ಸಿಜನ್ನೇ ಎಂದು ಕೇಳಿದರು. ಅಲ್ಲ, ನಿದ್ದೆಯದ್ದು ಎಂದೆ. ಕೋಣೆಯಲ್ಲಿ ಮಲಗಿದ್ದವರು ಒಬ್ಬೊಬ್ಬರಾಗಿ ತಲೆಯೆತ್ತಿದರು.

"ಇದು ನಿಮ್ ಮನೆತನದಲ್ಲೇ ಇದೆಯಾ?" ಎಂದರು ಆಕೆ.

ಇಡೀ ಬಸ್ಸಿನ ದಾರಿಯಲ್ಲಿ ನಾನು ಈ ಪ್ರಶ್ನೆಗೆ ಉತ್ತರ ಕಟ್ಟಿಕೊಂಡಿದ್ದೆ. ಇತಿಹಾಸದ ಮೇಷ್ಟ್ರಿಗೆ ಉತ್ತರ ಉದ್ದವಾಗಿರಲೇಬೇಕಲ್ಲ. ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಎಲೆಯಡಿಕೆಯ ತಟ್ಟೆ ಹಿಡಿದು ನಿಂತಿದ್ದ ಮಂಜುಳ ಒಳಗೆ ಬಂದಳು. ತಟ್ಟೆಯನ್ನು ಕೆಳಗಿಟ್ಟು, ಮೊಬೈಲಿನ ಚಾರ್ಜರನ್ನು ಕಿತ್ತು ಆಕೆಯ ಕೈಗೆ ಕೊಟ್ಟು, ನನ್ನ ಯಂತ್ರದ ವೈರನ್ನು ಪ್ಲಗ್ಗಿಗೆ ಚುಚ್ಚಿದಳು.

"ಇದೆ," ಎಂದಳು. "ನಮ್ಮಪ್ಪನಿಗೂ ಇತ್ತು. ಕೂತ್ ಕೂತಲ್ಲೇ ತೂಕಡಿಸೋರು, ನಾವೆಲ್ಲ ನಗ್ತಿದ್ವಿ. ಮಲ್ಗಿದ್ದೋರು ಒಂದ್ ಬೆಳಿಗ್ಗೆ ಏಳ್ಲೇ ಇಲ್ಲ. ನನ್ ಮಗ್ಳಿಗೂ ಬಂದ್ರೆ ಇಂಥದ್ದೇ ಒಂದು ಮಿಷಿನ್ ತಂದ್ಕೊಡ್ತೀನಿ. ಈಗ ನಮ್ಮಕ್ಕ ಮಲಗ್ತಾಳೆ. ಯಾರೂ ಎಬ್ಬಿಸ್ಬೇಡಿ."

ಅಪ್ಪನ ಸಾವನ್ನು ನಾವಿಬ್ಬರೂ ಪುಣ್ಯವಂತನ ಸಾವು, ನಿದ್ದೆಯಲ್ಲೇ ಸುಖವಾಗಿ ಹೋದರು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆವು. ಆ ಮಾತಿನ ಕೆಳಗೆ ಇನ್ನೊಂದು ಮಾತಿರಬಹುದೆಂದು ಅವಳಿಗೆ ಹೊಳೆದದ್ದು ಯಾವಾಗ ಎಂದು ನಾನು ಕೇಳಲಿಲ್ಲ; ಕ್ಯಾತ್ಸಂದ್ರದ ನನ್ನ ಕೋಣೆಯಲ್ಲಿ ಕೈಚಾಚಿ ಕೂತಾಗಲೇ ಇರಬೇಕು. ಮಂಜುಳ ಮುಸುಕಿನ ಪಟ್ಟಿಯನ್ನು ನನ್ನ ತಲೆಯ ಹಿಂದೆ ಬಿಗಿದಳು. ಮುಡಿದಿದ್ದ ಮಲ್ಲಿಗೆ ಸಿಕ್ಕಿಹಾಕಿಕೊಂಡಾಗ ಬಿಡಿಸಿ, ಪಕ್ಕಕ್ಕೆ ಸರಿಸಿ, ಮತ್ತೆ ಬಿಗಿದಳು. ಅಷ್ಟೂ ಜನ ನೋಡುತ್ತಿರುವಾಗ, ಹಾಡುಹಗಲಲ್ಲಿ, ಜಮಖಾನದ ನಡುವೆ, ನಾನು ಕಾಲು ಚಾಚಿ ಮಲಗಿದೆ.

ಎದ್ದಾಗ ಹೊರಗೆ ಆರತಕ್ಷತೆಯ ವಾದ್ಯ ಶುರುವಾಗಿತ್ತು. ಮುಖ ತೊಳೆದೆ, ಸೀರೆಯ ನೆರಿಗೆ ಸರಿಮಾಡಿಕೊಂಡೆ, ಮೂಗಿನ ಎರಡೂ ಬದಿಯಲ್ಲಿ ಮುಸುಕು ಮೂಡಿಸಿದ್ದ ಕೆಂಪು ಗೆರೆಗಳಿಗೆ ಪೌಡರು ಹಚ್ಚಲು ಹೋಗಿ ಬೇಡವೆಂದು ಬಿಟ್ಟೆ. ಸಭಾಂಗಣದ ಮುಂದಿನ ಸಾಲಿನಲ್ಲಿ, ಹುಡುಗನ ಸೋದರತ್ತೆಯ ಪಕ್ಕದಲ್ಲೇ ಒಂದು ಕುರ್ಚಿ ಖಾಲಿಯಿತ್ತು. ಹೋಗಿ ಅದರಲ್ಲೇ ಕೂತೆ. ವೇದಿಕೆಯ ಮೇಲೆ ಚೈತ್ರ ನಗುತ್ತಿದ್ದಳು, ಜನ ಸಾಲುಗಟ್ಟಿ ಮೇಲೆ ಹೋಗುತ್ತಿದ್ದರು, ದೀಪಗಳು ಝಗಝಗಿಸುತ್ತಿದ್ದವು, ಒಂದೊಂದು ಮುಖವೂ ನನಗೆ ನಿಚ್ಚಳವಾಗಿ ಕಾಣುತ್ತಿತ್ತು. ಪಕ್ಕಕ್ಕೆ ತಿರುಗಿ ನೋಡಿದರೆ ಸೋದರತ್ತೆಯ ಗದ್ದ ಎದೆಗೆ ತಗುಲಿತ್ತು, ಬಾಯಿ ಅರೆ ತೆರೆದಿತ್ತು, ಸಣ್ಣಗೆ ಒಂದು ಸದ್ದೂ ಬರುತ್ತಿತ್ತು. ನಾನು ಅವರನ್ನು ಎಬ್ಬಿಸಲಿಲ್ಲ.